ಮೂರು ಹಳಿ ಕೂಡಿ ಕಟ್ಟಿದ ಊರು: ಹುಬ್ಬಳ್ಳಿ ಜಂಕ್ಷನ್

ಹುಬ್ಬಳ್ಳಿ ರೈಲು ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು ಇದ್ದವರು ಈ ತುದಿಯಿಂದ ಆ ತುದಿ ಮುಟ್ಟಲು ಇಪ್ಪತ್ತು ನಿಮಿಷವಾದರೂ ಬೇಕು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಉದ್ಘಾಟಿಸಿದರು. ಅಲ್ಲಿಯವರೆಗೆ ಗೋರಖ್‌ಪುರದ ಹೆಸರಿನಲ್ಲಿದ್ದ 1,366 ಮೀಟರಿನ ದಾಖಲೆ ಹಿಂದೆ ಬಿತ್ತು. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಂದು ಗಿನ್ನೆಸ್ ದಾಖಲೆಯಲ್ಲೂ ಹುಬ್ಬಳ್ಳಿಯ ಹೆಸರು ಸೇರಿತು. ಇಷ್ಟು ಉದ್ದ ಯಾಕೆ ಬೇಕಾಯಿತು? ಅದಕ್ಕೆ ಉತ್ತರ ಊರಿನ ಚರಿತ್ರೆಯಲ್ಲಿದೆ.

ಹಳಿ ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಅಲ್ಲಿಂದ ಹಡಗು ಹತ್ತಿದ ಮೇಲೆ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಬೆಳೆದವರು ಬಯಲುಸೀಮೆಯ ರೈತರಾದರೂ ಹೆಸರು ಬಂದರಿನ ಪಾಲಾಗಿತ್ತು. 1876–78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಭೀಕರ ಬರ ಬಿತ್ತು. ದೂರದಿಂದ ಕಾಳು ತರಿಸೋಣವೆಂದರೆ ಗಾಡಿ ಎಳೆಯುವ ಎತ್ತುಗಳಿಗೇ ಮೇವು, ನೀರು ಇರಲಿಲ್ಲ. ಬರದ ನಾಡಿಗೆ ರೈಲು ಬೇಕೆಂಬ ಮಾತು ಆಗ ಸರ್ಕಾರದ ಮಟ್ಟದಲ್ಲೂ ಗಟ್ಟಿಯಾಯಿತು.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಪೂರ್ವಕ್ಕೆ ಗದಗ, ದಕ್ಷಿಣಕ್ಕೆ ಹಾವೇರಿ–ಹರಿಹರ, ಪಶ್ಚಿಮಕ್ಕೆ ಧಾರವಾಡ–ಲೋಂಡಾ ಕಡೆಗೆ ಮೀಟರ್ ಗೇಜ್ ಹಳಿ ಬಿತ್ತು. ಮೂರೂ ಹುಬ್ಬಳ್ಳಿಯಲ್ಲಿ ಕೂಡಿದವು. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದ ಹಳಿ ಗೋವಾದ ಮರ್ಮಗೋವಾ ಬಂದರಿನವರೆಗೂ ಹೋಯಿತು. ಕುಮಟಾ ದಾರಿಯ ಗಾಡಿಗಳು ಕಡಿಮೆಯಾದವು. ಹುಬ್ಬಳ್ಳಿ ಹತ್ತಿಯ ಪೇಟೆಯಾಯಿತು. ಗದಗ ರಸ್ತೆಯಲ್ಲಿ ಕಂಪನಿ 1885ರಲ್ಲಿ ವರ್ಕ್‌ಶಾಪ್ ತೆರೆಯಿತು. ಅದರ ಸುತ್ತ ಕ್ವಾರ್ಟರ್ಸ್, ಆಸ್ಪತ್ರೆ ಎದ್ದವು. ತೆಲುಗು, ತಮಿಳು, ಮರಾಠಿ ಆಡುವ ಕುಟುಂಬಗಳು ಬಂದು ನೆಲೆಸಿದವು. ಹುಬ್ಬಳ್ಳಿಯ ಬಹುಭಾಷೆಯ ಓಣಿಗಳಿಗೆ ಹತ್ತಿಯಂತೆ ಹಳಿಯೂ ಕಾರಣ.

ಆ ಕಾಲದ ದುಡಿಮೆಯ ನಾಜೂಕು ತಿಳಿಯಬೇಕಾದರೆ ಸಿಂಗಲ್ ಲೈನಿನ ಟೋಕನ್ ಪದ್ಧತಿಯನ್ನು ನೋಡಬೇಕು. ಎರಡು ಸ್ಟೇಷನ್‌ಗಳ ನಡುವೆ ಒಂದೇ ಹಳಿ; ಎದುರುಬದುರು ಗಾಡಿ ಬಂದರೆ ಅನಾಹುತ. ಅದಕ್ಕಾಗಿ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ತಂತಿಯ ಮೂಲಕ ಒಂದಕ್ಕೊಂದು ಜೋಡಿಸಿದ ಯಂತ್ರಗಳಿರುತ್ತಿದ್ದವು. ಮುಂದಿನ ಸ್ಟೇಷನ್ನಿನವರು ಒಪ್ಪಿಗೆ ಕೊಟ್ಟರೆ ಮಾತ್ರ ಯಂತ್ರದಿಂದ ಒಂದು ಲೋಹದ ಗುಂಡು ಹೊರಬರುತ್ತಿತ್ತು. ಅದನ್ನು ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ, ಓಡುವ ಎಂಜಿನ್ನಿನತ್ತ ನೌಕರ ಎತ್ತಿ ಹಿಡಿಯುತ್ತಿದ್ದ. ಎಂಜಿನ್ನಿನವರು ತೋಳು ಚಾಚಿ ಬಳೆಯನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಆ ಗುಂಡು ಕೈಯಲ್ಲಿದ್ದರಷ್ಟೇ ಮುಂದಿನ ದಾರಿ ತಮ್ಮದು. ನೂರಾರು ಜನರ ಜೀವ ಆ ಶಿಸ್ತಿನ ಮೇಲೆ ನಿಂತಿತ್ತು.

ಸಂಗೀತಕ್ಕೂ ಈ ಹಳಿ ದಾರಿ ಮಾಡಿಕೊಟ್ಟಿತು. ಬೆಂಗಳೂರು ಹಾದಿಯಲ್ಲಿ ಹುಬ್ಬಳ್ಳಿಗೆ ಹತ್ತಿರವೇ ಇದೆ ಕುಂದಗೋಳ. ಸವಾಯಿ ಗಂಧರ್ವರು ಹುಟ್ಟೂರಿಗೆ ಮರಳಿ ನೆಲೆಸಿದಾಗ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಗುರುಗಳ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಭೀಮಸೇನ ಜೋಶಿ ಸಂಜೆ ಅಕ್ಕನನ್ನು ಸ್ಟೇಷನ್ನಿನವರೆಗೆ ಕಳಿಸಿಕೊಡುತ್ತಿದ್ದರಂತೆ. ಕಿರಾಣಾ ಘರಾಣೆಯ ಎರಡು ದೊಡ್ಡ ಕಂಠಗಳು ಬೆಳೆದ ಕಥೆಯಲ್ಲಿ ಒಂದು ಸಣ್ಣ ಪ್ಯಾಸೆಂಜರ್ ಗಾಡಿಯ ಪಾಲೂ ಇದೆ.

ಆದರೆ ಈ ಊರಿನ ಹಳಿಯ ಬಗ್ಗೆ ತೀರ್ಮಾನಗಳು ಬಹುಕಾಲ ಬೇರೆ ಊರುಗಳಲ್ಲಿ ಆದವು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿತು. 1951ರಲ್ಲಿ ದಕ್ಷಿಣ ರೈಲ್ವೆ ಬಂದಾಗಲೂ ಕೇಂದ್ರ ಮದ್ರಾಸೇ. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಯಾದಾಗ ಕಡತಗಳು ಸಿಕಂದರಾಬಾದಿನತ್ತ ಹೊರಟವು. ಪುಣೆ–ಮೀರಜ್ ಹಳಿ 1971ರಲ್ಲಿ ಬ್ರಾಡ್ ಗೇಜ್ ಆಯಿತು; ಇತ್ತ ಮೀಟರ್ ಗೇಜೇ ಉಳಿದದ್ದರಿಂದ ಮುಂಬೈಗೆ ಹೋಗುವವರು ಗಂಟುಮೂಟೆ ಹೊತ್ತು ಮೀರಜಿನಲ್ಲಿ ಗಾಡಿ ಬದಲಿಸಬೇಕಿತ್ತು. ಆ ತೊಡಕು ನೀಗಿದ್ದು 1990ರ ದಶಕದಲ್ಲಿ ಗೇಜ್ ಬದಲಾದ ಮೇಲೆ. ಹೊಸ ರೈಲ್ವೆ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಗೇ ಬೇಕೆಂದು ಜನ ಬೀದಿಗಿಳಿದು ಹೋರಾಡಿದರು. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ಇಲ್ಲಿಂದಲೇ ಕೆಲಸ ಆರಂಭಿಸಿತು.

2020 ನಿಲ್ದಾಣಕ್ಕೆ ಎರಡು ಕೊಡುಗೆಗಳ ವರ್ಷ. ಗದಗ ರಸ್ತೆಯ ಬದಿಗೆ ರೈಲ್ವೆ ಮ್ಯೂಸಿಯಂ ತೆರೆಯಿತು. ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿ ಅವರ ಹೆಸರು ಬಂತು. ಸಿದ್ಧಾರೂಢ ಮಠದ ಶಿವರಾತ್ರಿಯ ತೇರಿಗೆಂದು ಸುತ್ತಲ ಜಿಲ್ಲೆಗಳಿಂದ ಇಲ್ಲಿ ಇಳಿಯುವ ಭಕ್ತರಿಗೆ ಆ ಹೆಸರು ಮೊದಲಿನಿಂದಲೂ ತಮ್ಮದೇ.

ಇನ್ನು ಉದ್ದದ ಪ್ರಶ್ನೆ. ಮೂರು ದಿಕ್ಕಿನ ಗಾಡಿಗಳು ಒಂದೇ ಯಾರ್ಡಿಗೆ ಬಂದಾಗ, ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೆ ಹಿಂದಿನ ಗಾಡಿ ಹೊರಗೇ ಕಾಯಬೇಕು. ಒಂದೂವರೆ ಕಿಲೋಮೀಟರ್ ಉದ್ದವಿದ್ದರೆ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಪೂರ್ಣ ಗಾಡಿಗಳು ನಿಂತು, ಎರಡೂ ದಿಕ್ಕಿಗೆ ಒಟ್ಟಿಗೇ ಹೊರಡಬಹುದು. ಜೋಡಿಮಾರ್ಗ, ವಿದ್ಯುದೀಕರಣದ ಜೊತೆಗೆ ಯಾರ್ಡನ್ನೂ ಹೊಸದಾಗಿ ಜೋಡಿಸಿದಾಗ ಐದಿದ್ದ ಪ್ಲಾಟ್‌ಫಾರ್ಮುಗಳು ಎಂಟಾದವು. ಅಂದರೆ ಈ ದಾಖಲೆ ಜಂಕ್ಷನ್ ಎಂಬ ಗುಣದಿಂದಲೇ ಹುಟ್ಟಿದ್ದು.

ಆ ಗುಣವನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮದು. ಅಂಕೋಲಾಕ್ಕೆ ಹಳಿ ಹಾಕುವ ಯೋಜನೆ 1990ರ ದಶಕದಿಂದ ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ಕರಾವಳಿಯ ನಂಟೂ ಬೇಕು, ಕಾಡೂ ಬೇಕು. ಅದನ್ನು ಅವಸರದಲ್ಲಿ ತೀರ್ಮಾನಿಸಲಾಗದು. ಆದರೆ ಕುಂದಗೋಳ, ಅಣ್ಣಿಗೇರಿ, ಅಳ್ನಾವರಗಳಿಗೆ ಹೋಗುವ ಪ್ಯಾಸೆಂಜರ್ ಗಾಡಿ ಹೊತ್ತಿಗೆ ಸರಿಯಾಗಿ ಬಿಡಲು ಯಾವ ಅಡ್ಡಿಯೂ ಇಲ್ಲ. ಸಂತೆಗೆ ಬರುವ ರೈತ, ಕಾಲೇಜಿಗೆ ಬರುವ ಹುಡುಗಿ, ಆಸ್ಪತ್ರೆಗೆ ಬರುವ ಅಜ್ಜಿ ಆ ಗಾಡಿಯನ್ನೇ ನಂಬಿದ್ದಾರೆ. ಒಂದೂವರೆ ಕಿಲೋಮೀಟರ್ ನಡೆಯಲಾರದ ಅಂಥ ಅಜ್ಜಿಗೆ ಬೋಗಿಯವರೆಗೆ ಹೋಗಲು ಬ್ಯಾಟರಿ ಗಾಡಿಯೋ ಗಾಲಿಕುರ್ಚಿಯೋ ಕೇಳಿದ ತಕ್ಷಣ ಸಿಗಬೇಕು. ಬರದಲ್ಲಿ ಕಾಳು ಬರಲೆಂದು ಹಾಕಿದ ಹಳಿ ಇದು. ಬಡವರ ಹಾದಿಯಾಗಿ ಉಳಿದಷ್ಟು ಕಾಲವೂ ಹುಬ್ಬಳ್ಳಿ ದೊಡ್ಡ ಜಂಕ್ಷನ್; ಆ ಹಿರಿಮೆಯನ್ನು ಇನ್ನೊಂದು ಊರಿನ ಉದ್ದದ ಪ್ಲಾಟ್‌ಫಾರ್ಮ್ ಮುರಿಯಲಾರದು.