ಮಕ್ಕಳೊಡನೆ ಬರ್ಲಿನ್‌ಗೆ: ಶಾಲಾ ಪ್ರವಾಸದ ಸಿದ್ಧತೆ

ಹೈಸ್ಕೂಲು ಮಕ್ಕಳನ್ನು ಯೂರೋಪಿಗೆ ಕರೆದೊಯ್ಯುವ ಶಾಲೆಗಳು ಈಗ ನಮ್ಮಲ್ಲಿಯೂ ಇವೆ. ಹೀಗೆ ಹೊರಡುವ ಶಿಕ್ಷಕರೂ ಮಕ್ಕಳನ್ನು ಕಳುಹಿಸಿಕೊಡುವ ತಂದೆತಾಯಿಗಳೂ ವಿಮಾನದ ದರ ವಿಚಾರಿಸುವುದಕ್ಕಿಂತ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಮಕ್ಕಳು ಅಲ್ಲಿ ಏನನ್ನು ಕಲಿತು ಬರಬೇಕು? ಹತ್ತು ದಿನಗಳಲ್ಲಿ ಆರು ದೇಶ ಸುತ್ತಿಸುವ ಯೋಜನೆಗಳಲ್ಲಿ ಮಕ್ಕಳು ಹೆಚ್ಚಾಗಿ ನೋಡುವುದು ಬಸ್ಸಿನ ಕಿಟಕಿಯನ್ನು. ಒಂದೇ ಊರು, ಐದಾರು ದಿನ, ದಿನಕ್ಕೆ ಎರಡು ಸ್ಥಳಕ್ಕಿಂತ ಹೆಚ್ಚಿಲ್ಲ ಎಂಬ ಕಟ್ಟುಪಾಡು ಹಾಕಿಕೊಂಡರೆ ಅದು ಪಾಠವಾದೀತು. ಅಂಥ ಊರಿಗೆ ಉದಾಹರಣೆಯಾಗಿ ಬರ್ಲಿನ್ ನಗರವನ್ನು ಇಲ್ಲಿ ತೆಗೆದುಕೊಳ್ಳೋಣ. ಇಪ್ಪತ್ತನೆಯ ಶತಮಾನದ ಇತಿಹಾಸ ಪಠ್ಯಪುಸ್ತಕದಿಂದೆದ್ದು ಬೀದಿಗೆ ಬಂದು ನಿಂತಿರುವ ಊರು ಅದು.

ಸಿದ್ಧತೆ ಕನಿಷ್ಠ ಎಂಟು ತಿಂಗಳ ಮುಂಚೆ ಆರಂಭವಾಗಬೇಕು. ಮೊದಲನೆಯದು ಪಾಸ್‌ಪೋರ್ಟ್. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ಪ್ರವಾಸ ಮುಗಿಸಿ ಹೊರಡುವ ದಿನದಿಂದ ಮುಂದೆ ಇನ್ನೂ ಮೂರು ತಿಂಗಳ ಅವಧಿ ಅದರಲ್ಲಿ ಉಳಿದಿರಬೇಕು. ಜರ್ಮನಿಗೆ ಬೇಕಾದದ್ದು ಶೆಂಗೆನ್ ವೀಸಾ. ಇದಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ಹನ್ನೆರಡು ವರ್ಷ ತುಂಬಿದ ಮಕ್ಕಳು ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕಾಗುತ್ತದೆ. ತಂದೆತಾಯಿಗಳ ಒಪ್ಪಿಗೆ ಪತ್ರ ಮತ್ತು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇಲ್ಲದೆ ಅರ್ಜಿ ಮುಂದೆ ಸಾಗುವುದಿಲ್ಲ.

ಅನೇಕರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಅಧ್ಯಯನ ಅಥವಾ ಶೈಕ್ಷಣಿಕ ತರಬೇತಿಗಾಗಿ ಹೋಗುವ ಶಾಲಾ ಮಕ್ಕಳಿಗೂ ಅವರ ಜೊತೆಗಿರುವ ಶಿಕ್ಷಕರಿಗೂ ಶೆಂಗೆನ್ ನಿಯಮಗಳು ವೀಸಾ ಶುಲ್ಕದಿಂದ ವಿನಾಯಿತಿ ಕೊಟ್ಟಿವೆ. ಬರೀ ಊರು ನೋಡಲು ಹೊರಟವರಿಗೆ ಇದು ಸಲ್ಲದು. ಆದ್ದರಿಂದ ಶಾಲೆಯ ಪತ್ರದಲ್ಲಿ ಅಧ್ಯಯನದ ವಿಷಯ, ದಿನವಹಿ ಕಾರ್ಯಕ್ರಮ, ಸಾಧ್ಯವಾದರೆ ಅಲ್ಲಿನ ಒಂದು ಶಾಲೆಯ ಆಹ್ವಾನ ಇವೆಲ್ಲವೂ ಸ್ಪಷ್ಟವಾಗಿರಲಿ. ಖರ್ಚು ತಗ್ಗಿದಷ್ಟೂ ಒಳ್ಳೆಯದು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದು ಹನ್ನೆರಡು ಜನರಷ್ಟೇ ಹೊರಟರೆ ಉಳಿದ ಇಪ್ಪತ್ತೆಂಟು ಮಕ್ಕಳಿಗೆ ಅದು ಬೇರೆಯೇ ಒಂದು ಪಾಠ ಕಲಿಸುತ್ತದೆ. ಹಣದ ಅನುಕೂಲವಿಲ್ಲದ ಒಂದಿಬ್ಬರು ಮಕ್ಕಳ ವೆಚ್ಚವನ್ನು ಎಲ್ಲರ ಮೇಲೆ ಹಂಚಿ, ಹೆಸರು ಹೊರಬೀಳದಂತೆ ನೋಡಿಕೊಳ್ಳುವುದು ಶಾಲೆಗೆ ಅಸಾಧ್ಯವೇನಲ್ಲ.

ಕಾಲವನ್ನು ಆರಿಸುವಾಗ ನಮ್ಮ ಬೇಸಿಗೆ ರಜೆ ಅನುಕೂಲಕರ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಅಲ್ಲಿ ಹಗಲು ದೀರ್ಘ, ಚಳಿ ಹಿತಮಿತ. ಡಿಸೆಂಬರ್‌ನಲ್ಲಿ ಹೋದರೆ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗಿರುತ್ತಾನೆ.

ಇನ್ನು ಏನನ್ನು ತೋರಿಸಬೇಕು? ಬೆರ್ನಾವರ್ ಬೀದಿಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಒಂದು ಇಡೀ ದಿನವನ್ನು ಅದಕ್ಕೆ ಕೊಡಿ. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿ ಪಶ್ಚಿಮ ಬರ್ಲಿನ್ನಿನ ಸುತ್ತ ಗಡಿ ಮುಚ್ಚಿತು. ಮುಂದೆ ಸುಮಾರು 155 ಕಿಲೋಮೀಟರ್ ಉದ್ದಕ್ಕೆ ಬೆಳೆದ ಆ ಗೋಡೆ 1989ರ ನವೆಂಬರ್ 9ರವರೆಗೆ ನಿಂತಿತ್ತು. ಬೆರ್ನಾವರ್ ಬೀದಿಯಲ್ಲಿ ಒಂದು ವಿಚಿತ್ರವಿತ್ತು. ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದವು, ಆ ಮನೆಗಳ ಮುಂದಿನ ಕಾಲುದಾರಿ ಪಶ್ಚಿಮಕ್ಕೆ! ಹೊಸ್ತಿಲು ದಾಟಿದರೆ ಬೇರೆ ರಾಜ್ಯ. ಬಾಗಿಲುಗಳನ್ನು ಮುಚ್ಚಿ ಮೊಳೆ ಹೊಡೆದಾಗ ಜನ ಕಿಟಕಿಗಳಿಂದ ಹಾರತೊಡಗಿದರು. ಆಗಸ್ಟ್ 22ರಂದು ಇಡಾ ಸೀಕ್‌ಮನ್ ಎಂಬ 58 ವರ್ಷದ ಮಹಿಳೆ ಹೀಗೆ ಹಾರಿ ಸತ್ತರು. ಗೋಡೆಯ ಬಳಿ ಪ್ರಾಣ ಕಳೆದುಕೊಂಡವರಲ್ಲಿ ಅವರೇ ಮೊದಲಿಗರು. ಅಂಥವರ ಸಂಖ್ಯೆ ಕನಿಷ್ಠ 140. ಇಂದು ಅಲ್ಲಿ ಸುಮಾರು 1.4 ಕಿಲೋಮೀಟರ್ ಉದ್ದದ ಬಯಲು ಸ್ಮಾರಕವಿದೆ, ಪ್ರವೇಶ ಉಚಿತ. ಸತ್ತವರ ಭಾವಚಿತ್ರಗಳನ್ನಿಟ್ಟ ಗೋಡೆಯ ಮುಂದೆ ಮಕ್ಕಳನ್ನು ಅವಸರಪಡಿಸಬೇಡಿ.

ಆ ಚಿತ್ರಗಳಲ್ಲಿ ಮಕ್ಕಳೂ ಇದ್ದಾರೆ. ನಗರದ ಇನ್ನೊಂದು ಭಾಗದಲ್ಲಿ, ಓಬರ್‌ಬೌಮ್ ಸೇತುವೆಯ ಹತ್ತಿರ, ಸ್ಪ್ರೇ ನದಿಯ ದಡ ಪಶ್ಚಿಮದ್ದು, ನೀರೆಲ್ಲ ಪೂರ್ವದ್ದು ಎಂದಾಗಿತ್ತು. 1975ರ ಮೇ 11ರಂದು, ತನ್ನ ಐದನೆಯ ಹುಟ್ಟುಹಬ್ಬದ ದಿನವೇ, ತುರ್ಕಿ ಮೂಲದ ಹುಡುಗನೊಬ್ಬ ಪಶ್ಚಿಮದ ದಡದಿಂದ ನೀರಿಗೆ ಬಿದ್ದ. ಗಡಿಯ ಭಯದಿಂದ ಈಚೆಯ ರಕ್ಷಕರು ನೀರಿಗಿಳಿಯಲಾಗಲಿಲ್ಲ. ಹುಡುಗ ಮುಳುಗಿದ. ಅದಕ್ಕೆ ಮೊದಲೂ ಅಲ್ಲಿ ಮಕ್ಕಳು ಹೀಗೆಯೇ ಸತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ಒಂದು ಒಪ್ಪಂದ ಮಾಡಿಕೊಂಡ ಮೇಲೆಯೇ ನೀರಿಗೆ ಬಿದ್ದವರನ್ನು ಎತ್ತಲು ದಾರಿಯಾಯಿತು. ಒಂಬತ್ತನೆಯ ತರಗತಿಯ ಮಗುವಿಗೆ ಶೀತಲ ಸಮರದ ವ್ಯಾಖ್ಯೆಗಿಂತ ಈ ಸಂಗತಿ ಹೆಚ್ಚು ಹೇಳುತ್ತದೆ. ಇದನ್ನು ಹೊರಡುವ ಮೊದಲೇ ತರಗತಿಯಲ್ಲಿ ಹೇಳಿ, ನದಿಯ ದಡದಲ್ಲಿ ನಿಂತಾಗ ಸುಮ್ಮನಿದ್ದುಬಿಡಿ.

ಉಂಟರ್ ಡೆನ್ ಲಿಂಡೆನ್ ರಸ್ತೆಯ ಬೇಬೆಲ್ ಚೌಕದಲ್ಲಿ ನೆಲಕ್ಕೆ ಒಂದು ಗಾಜು ಹಾಸಿದೆ; ಬಗ್ಗಿ ನೋಡಿದರೆ ಕೆಳಗೆ ಖಾಲಿ ಪುಸ್ತಕದ ಕಪಾಟುಗಳು. 1933ರ ಮೇ 10ರಂದು ನಾಜಿ ವಿದ್ಯಾರ್ಥಿಗಳು ಇಲ್ಲಿ ಪುಸ್ತಕಗಳನ್ನು ಸುಟ್ಟರು. ಎದುರಿಗೇ ಇರುವ ವಿಶ್ವವಿದ್ಯಾನಿಲಯದಲ್ಲಿ ಅದೇ ಕಾಲದಲ್ಲಿ ಡಾಕ್ಟರೇಟ್ ಪಡೆದವರು ರಾಮಮನೋಹರ ಲೋಹಿಯಾ. 1951ರಲ್ಲಿ ನಮ್ಮ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಅದೇ ಲೋಹಿಯಾ ಎಂದು ಶಿವಮೊಗ್ಗದ ಕಡೆಯ ಮಕ್ಕಳಿಗೆ ಹೇಳಿದರೆ ಆ ಚೌಕ ಅವರಿಗೆ ಅಷ್ಟು ದೂರದ್ದಾಗಿ ಕಾಣಲಾರದು.

ವಸ್ತುಸಂಗ್ರಹಾಲಯಗಳ ವಿಷಯದಲ್ಲಿ ಹಳೆಯ ಪ್ರವಾಸ ಪುಸ್ತಕಗಳನ್ನು ನಂಬಬೇಡಿ. ಪೆರ್ಗಮಾನ್ ಸಂಗ್ರಹಾಲಯವನ್ನು ದುರಸ್ತಿಗಾಗಿ 2023ರ ಅಕ್ಟೋಬರ್‌ನಲ್ಲಿ ಮುಚ್ಚಲಾಯಿತು. ಪಕ್ಕದ ನಾಯೆಸ್ ಸಂಗ್ರಹಾಲಯದಲ್ಲಿ ಈಜಿಪ್ಟಿನ ರಾಣಿ ನೆಫೆರ್ತಿತಿಯ ಶಿರೋಮೂರ್ತಿಯಿದೆ. 1912ರಲ್ಲಿ ಅಗೆದು ತೆಗೆದ ಈ ಮೂರ್ತಿ ಯಾರಿಗೆ ಸೇರಬೇಕೆಂಬುದು ಇನ್ನೂ ಬಗೆಹರಿಯದ ವಾದ. ಮಕ್ಕಳನ್ನು ಎರಡು ಪಕ್ಷ ಮಾಡಿ ಚರ್ಚೆಗೆ ಬಿಡಬಹುದು. ಹದಿನೆಂಟರೊಳಗಿನವರಿಗೆ ಇಲ್ಲಿ ಟಿಕೆಟ್ ಇಲ್ಲ, ಆದರೆ ಸೋಮವಾರ ರಜೆ. ಸಂಸತ್ ಭವನದ ಗಾಜಿನ ಗುಮ್ಮಟಕ್ಕೂ ಪ್ರವೇಶ ಉಚಿತ. ಎಲ್ಲರ ಹೆಸರನ್ನೂ ಮೊದಲೇ ನೋಂದಾಯಿಸಿರಬೇಕು.

ರೈಲಿನ ಬಗ್ಗೆ ಒಂದು ಮಾತು. ಬರ್ಲಿನ್ನಿನ ನಿಲ್ದಾಣಗಳಲ್ಲಿ ಟಿಕೆಟ್ ಕೇಳುವ ಗೇಟುಗಳಿಲ್ಲ. ಯಂತ್ರದಲ್ಲಿ ಕೊಂಡ ಸಾಮಾನ್ಯ ಟಿಕೆಟ್ಟಿಗೆ ಹತ್ತುವ ಮುಂಚೆ ನೀವೇ ಮುದ್ರೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ 60 ಯೂರೋ ದಂಡ ಬೀಳುತ್ತದೆ. ವಿಮಾನ ನಿಲ್ದಾಣ ಸಿ ವಲಯದಲ್ಲಿದೆ, ಎ ಮತ್ತು ಬಿ ವಲಯದ ಟಿಕೆಟ್ ಅಲ್ಲಿಗೆ ಸಾಲದು. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುವುದರಿಂದ ಬ್ರೆಡ್ಡು, ಹಣ್ಣುಗಳನ್ನು ಶನಿವಾರವೇ ಕೊಂಡಿಡಿ. ನಲ್ಲಿಯ ನೀರು ಕುಡಿಯಬಹುದು.

ಪ್ರತಿ ಮಗುವಿನ ಜೇಬಿನಲ್ಲಿ ವಸತಿಯ ವಿಳಾಸ ಮತ್ತು ಶಿಕ್ಷಕರ ದೂರವಾಣಿ ಸಂಖ್ಯೆ ಬರೆದ ಕಾಗದದ ಚೀಟಿ ಇರಲಿ. ಮೊಬೈಲ್ ಬ್ಯಾಟರಿಯನ್ನು ನೆಚ್ಚಬೇಡಿ. ಗುಂಪು ತಪ್ಪಿದ ಮಗು ಅದೇ ನಿಲ್ದಾಣದಲ್ಲಿ ನಿಲ್ಲಬೇಕು, ಇಳಿದುಕೊಂಡವರು ಹಿಂದಿರುಗಿ ಬರಬೇಕು. ಈ ನಿಯಮವನ್ನು ಬೆಂಗಳೂರಿನ ಮೆಟ್ರೊದಲ್ಲಿ ಒಂದು ಭಾನುವಾರ ಅಭ್ಯಾಸ ಮಾಡಿಸಿ. ಚೀಟಿಯ ಹಿಂಬದಿಗೆ ಅಲ್ಲಿನ ತುರ್ತು ಸಂಖ್ಯೆ 112 ಬರೆದಿರಲಿ.