ಸೈಕಲ್ ಹಸುಬೆಗೆ ಪಕ್ಕೆ ಬೇಕು, ತಳವೂ ಬೇಕು

ನಮ್ಮದು ಸಿರಾ ಕಡೆಯ ಬೆದ್ದಲು. ಮೂವತ್ತು ಕಿಲೋ ಅವರೆಕಾಯಿ ಸಂತೆಗೆ ಒಯ್ಯಲು ಆಟೋ ಹಿಡಿದರೆ ಬಂದದ್ದರಲ್ಲಿ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ನನ್ನಂಥವರಿಗೆ ಇವತ್ತಿಗೂ ಸೈಕಲ್ಲೇ ಗಾಡಿ.

ಕ್ಯಾರಿಯರ್ ಮೇಲೆ ಒಂದೇ ಮೂಟೆ ಕಟ್ಟಿದರೆ ಭಾರ ಎತ್ತರದಲ್ಲಿ ನಿಂತು ಸೈಕಲ್ ಓಲಾಡುತ್ತದೆ. ಎರಡು ಚೀಲ ಮಾಡಿ ಎರಡೂ ಬದಿಗೆ ಇಳಿಬಿಟ್ಟರೆ ಭಾರ ಕೆಳಗಿಳಿಯುತ್ತದೆ, ಅದು ಒಳ್ಳೇದು. ಆದರೆ ಬರೀ ಹಗ್ಗದಲ್ಲಿ ತೂಗುಬಿಟ್ಟ ಚೀಲ ಕುಲುಕಾಟಕ್ಕೆ ಒಳಗೆ ಸರಿದು ಚಕ್ರದ ಕಡ್ಡಿಗೆ ಸಿಗುತ್ತದೆ. ನಮ್ಮೂರಿನ ಒಬ್ಬರು ಹಾಗೇ ಬಿದ್ದು ಮುಂಗೈ ಮುರಿದುಕೊಂಡರು. ಆ ಸಲ ಅವರ ಕಡಲೆಕಾಯಿ ಕೀಳೋದಕ್ಕೆ ಪೂರಾ ಕೂಲಿ ಆಳನ್ನೇ ಹಿಡಿಯಬೇಕಾಯ್ತು.

ಹಿಂದೆ ಹೇರೆತ್ತಿನ ಬೆನ್ನಿಗೆ ಹಸುಬೆ ಹಾಕುತ್ತಿದ್ದರು. ಎರಡು ಬದಿಯ ತೂಕ ಸಮ ಇದ್ದರೆ ಚೀಲ ಎತ್ತಿನ ಪಕ್ಕೆಗೆ ಒರಗಿ ನಿಲ್ಲುತ್ತಿತ್ತು. ಸೈಕಲ್ಲಿಗೆ ಪಕ್ಕೆ ಇಲ್ಲ, ಆ ಜಾಗದಲ್ಲಿ ತಿರುಗೋ ಕಡ್ಡಿಗಳಿವೆ. ಆದ್ದರಿಂದ ಪಕ್ಕೆಯನ್ನೂ ತಳವನ್ನೂ ನಾವೇ ಮಾಡಿಕೊಡಬೇಕು.

ನಾನು ಮಾಡಿಸಿರುವುದು ಹೀಗೆ. 28 ಇಂಚಿನ ಚಕ್ರದ ದೊಡ್ಡ ಸೈಕಲ್ಲಿಗೆ 8 ಎಂ.ಎಂ. ಸರಳು ಸಾಕು. ಕ್ಯಾರಿಯರ್ ಅಂಚಿನಿಂದ 14 ಇಂಚು ಕೆಳಗೆ ಇಳಿಸಿ, ಅಲ್ಲಿಂದ 5 ಇಂಚು ಹೊರಕ್ಕೆ ಬಾಗಿಸಬೇಕು. ಮುಂದಕ್ಕೆ 12 ಇಂಚು ಹೋಗಿ, ಮತ್ತೆ ಒಳಕ್ಕೆ ತಂದು ಮೇಲೇರಿಸಬೇಕು. ಹೊರಕ್ಕೆ ಚಾಚಿದ ಭಾಗವೇ ಚೀಲ ಕೂರುವ ತಳ. ಬಾಗಿದ ಕಡೆ ಒಂದು, ನಡುಮಟ್ಟದಲ್ಲಿ ಒಂದು ಅಡ್ಡಸರಳು ಬೆಸೆದರೆ ಪಕ್ಕೆ ಆಯಿತು. ಎರಡೂ ಬದಿಗೆ ಹನ್ನೆರಡೂವರೆ ಅಡಿ ಸರಳು ಬೇಕು, ತೂಕ ಒಂದೂವರೆ ಕಿಲೋ. ತಳದಿಂದ ಹಿಂದಿನ ಅಚ್ಚಿನ ನಟ್ಟಿಗೆ ಒಂದು ಕಬ್ಬಿಣದ ಪಟ್ಟಿ ಕೊಡಿ. ಆಗ ಭಾರವೆಲ್ಲ ಕ್ಯಾರಿಯರ್ ಮೇಲೆ ಜೋತುಬೀಳದೆ ಅಚ್ಚಿಗೆ ಇಳಿಯುತ್ತದೆ.

ಬೆಸುಗೆ ಹಾಕಿಸುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಒಂದು, ಸೀಟಿನ ಮೇಲೆ ಕೂತು ಪೆಡಲ್ ಹಿಂದಕ್ಕೆ ತನ್ನಿ. ಹಿಮ್ಮಡಿಗೂ ತುಂಬಿದ ಚೀಲಕ್ಕೂ ಎರಡು ಬೆರಳು ಸಂದು ಇರಲಿ. ಅದಕ್ಕಿಂತ ಹಿಂದಕ್ಕೆ ಒಯ್ಯಬೇಡಿ. ಭಾರ ಅಚ್ಚಿನ ನೇರಕ್ಕಿರಬೇಕು, ಹಿಂದಾದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹಿಡಿತಕ್ಕೆ ಸಿಗೋಲ್ಲ. ಎರಡು, ಸ್ಟ್ಯಾಂಡ್ ಇಳಿಸಿ, ಎತ್ತಿ ನೋಡಿ, ಸರಳಿಗೆ ತಾಗಬಾರದು. ಮೂರು, ಕ್ಯಾರಿಯರ್ ಬಿಚ್ಚಿಕೊಂಡು ಹೋಗಿ ಅದಕ್ಕೇ ಬೆಸೆಯಿಸಿ. ಸೈಕಲ್ಲಿನ ಫ್ರೇಮಿಗೆ ಬೆಸುಗೆ ಬೇಡ, ಕಾದ ಜಾಗದಲ್ಲಿ ಕೊಳವೆ ಬಲ ಕಳೆದುಕೊಳ್ಳುತ್ತದೆ.

ತರಕಾರಿಗೆ ರಸಗೊಬ್ಬರದ ಚೀಲ ಬೇಡ, ಗೋಣಿಯೇ ಸರಿ. ಎರಡು ಗೋಣಿಯ ಬಾಯಿ ಅಂಚನ್ನು ಅಗಲ ಪಟ್ಟಿಯಿಂದ ಸೇರಿಸಿ ಹೊಲಿದರೆ ಕ್ಯಾರಿಯರ್ ಮೇಲೆ ಹಾಕುವ ಹಸುಬೆಯೇ ಆಯಿತು. ತಳಕ್ಕೆ ಹಲಗೆ ತುಂಡು ಇಡಿ. ಭಾರದ್ದು ಕೆಳಗೆ, ಸೊಪ್ಪು ಮೇಲೆ. ಸುತ್ತ ಬಿಗಿಯಲು ಹಳೇ ಟ್ಯೂಬಿನ ಪಟ್ಟಿ ಒಳ್ಳೇದು. ದಾರಿಯಲ್ಲಿ ಸರಕು ಕುಸಿದರೂ ಅದು ಸಡಿಲ ಬೀಳೋಲ್ಲ. ತುದಿಗಳನ್ನು ಒಳಗೆ ಸಿಕ್ಕಿಸಿ, ನೇತಾಡಿದರೆ ಚೈನಿಗೆ ಸುತ್ತಿಕೊಳ್ಳುತ್ತದೆ.

ನಾನು ಬದಿಗೆ 15 ಕಿಲೋಗಿಂತ ಹೆಚ್ಚು ತುಂಬೋದಿಲ್ಲ. ನಮ್ಮ ಹಳೇ ಮಾದರಿ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಹಿಂದೆ ಬೀಳುತ್ತದೆ ಅಂತಲೇ ಹೆಚ್ಚು ಕೊಟ್ಟಿದ್ದಾರೆ. ಒಂದು ಮುರಿದರೂ ಅದರ ಭಾರ ಅಕ್ಕಪಕ್ಕದವಕ್ಕೆ ಬೀಳುತ್ತದೆ, ತಡಮಾಡದೆ ಹಾಕಿಸಿ. ಹೊರಡುವ ಮುಂಚೆ ಹಿಂದಿನ ಟಯರಿಗೆ ಗಾಳಿ ಗಟ್ಟಿಯಾಗಿ ಹೊಡೆಯಿರಿ, ಅಚ್ಚಿನ ನಟ್ಟು ಬಿಗಿ ಇದೆಯೇ ನೋಡಿ. ಇಳಿಜಾರಿನಲ್ಲಿ ಬ್ರೇಕನ್ನು ಮೊದಲಿಂದಲೇ ಹಿಡಿಯುತ್ತ ಬನ್ನಿ, ಹೇರು ಇದ್ದಾಗ ಸೈಕಲ್ ಬೇಗ ನಿಲ್ಲೋಲ್ಲ. ಸಂತೆಯಲ್ಲಿ ಇಳಿಸುವಾಗಲೂ ಎರಡು ಬದಿಯಿಂದ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಒಂದೇ ಬದಿ ಖಾಲಿ ಮಾಡಿದರೆ ನಿಂತ ಸೈಕಲ್ಲೂ ಮಗುಚುತ್ತದೆ.