ಎಳ್ಳ ಅಮವಾಸ್ಯೆಯ ಕತ್ತಲಲ್ಲಿ ಸಿಕ್ಕ ದೇವಯಾನಿ

ಬೀದರ್‌ನ ನಮ್ಮ ಮನೆಯ ಮಾಳಿಗೆ ಮೇಲೆ ನಾನು ತೆಗೆದ ಮೊದಲ ಗೆಲಾಕ್ಸಿ ಫೋಟೊ ನೋಡಿ ಅಮ್ಮ ಕೇಳಿದ್ದು ಒಂದೇ ಮಾತು: ‘ಲೆನ್ಸ್ ಮ್ಯಾಲೆ ಧೂಳ್ ಕುಂತದೇನೊ?’

ಅದು ಧೂಳಲ್ಲ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ, ಅಂದರೆ ಆಂಡ್ರೊಮಿಡಾ ಗೆಲಾಕ್ಸಿ. ಆದರೆ ಅಮ್ಮನ ತಪ್ಪೇನಿಲ್ಲ ಬಿಡಿ. ಬೀದಿದೀಪಗಳ ಬೆಳಕು ಆಕಾಶಕ್ಕೆಲ್ಲ ಹರಡಿ, ಫೋಟೊ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತ್ತು.

ನಾನು ಹೈದರಾಬಾದ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವಾರವಿಡೀ ಸ್ಕ್ರೀನ್ ನೋಡಿ ದಣಿದ ಕಣ್ಣಿಗೆ ಊರಿನ ಆಕಾಶವೇ ಔಷಧಿ. ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, 135 ಎಂ.ಎಂ. ಲೆನ್ಸ್, ಟ್ರೈಪಾಡ್. ಬಂಡವಾಳ ಇಷ್ಟೇ. ಭೂಮಿ ತಿರುಗುತ್ತಲೇ ಇರುವುದರಿಂದ ಈ ಲೆನ್ಸ್‌ನಲ್ಲಿ ಮೂರು ಸೆಕೆಂಡ್ ದಾಟಿದರೆ ನಕ್ಷತ್ರಗಳು ಚುಕ್ಕಿ ಹೋಗಿ ಗೆರೆಯಾಗುತ್ತವೆ. ಅದಕ್ಕೇ ಕಂತಿನಲ್ಲಿ ಟ್ರ್ಯಾಕರ್ ತಗೊಂಡೆ. ಭೂಮಿ ತಿರುಗಿದಷ್ಟೇ ವೇಗದಲ್ಲಿ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುವ ಸಣ್ಣ ಯಂತ್ರ ಅದು. ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗಿರಬೇಕು. ಬೀದರ್ ಸುಮಾರು 18 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಧ್ರುವ ಕಾಣುವುದೂ ದಿಗಂತದಿಂದ 18 ಡಿಗ್ರಿ ಮೇಲಷ್ಟೇ. ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ ಬಂದರೆ ಮುಗೀತು!

ಭಾಲ್ಕಿಯಲ್ಲಿರುವ ಅಕ್ಕನ ಮನೆ ಮಾಳಿಗೆ ವಾಸಿ. ಅಲ್ಲಿ ಮಹಾವ್ಯಾಧನ ನೀಹಾರಿಕೆ, ಅಂದರೆ ಓರಿಯನ್ ನೆಬ್ಯುಲಾ, ಗುಲಾಬಿ ಬಣ್ಣದಲ್ಲೇ ಸಿಕ್ಕಿತು. ಆ ಬಣ್ಣ ಕಾದ ಹೈಡ್ರೊಜನ್ ಅನಿಲದ್ದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ, ಕ್ಯಾಮೆರಾ ಗುರುತಿಸುತ್ತದೆ. ಆದರೆ ದೇವಯಾನಿಯ ಮಸುಕಾದ ಅಂಚು ಅಲ್ಲಿಯೂ ಸಿಗಲಿಲ್ಲ.

ಉಳಿದದ್ದು ಔರಾದ್ ತಾಲ್ಲೂಕಿನಲ್ಲಿರುವ ಮಾವನ ಹೊಲ. ಎಳ್ಳ ಅಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಬಜ್ಜಿ, ರೊಟ್ಟಿ, ಅಂಬಲಿ ಉಂಡೆವು. ಸಂಜೆ ಮನೆಯವರು ಹೊರಟರು, ನಾನೂ ಮಾವನೂ ಉಳಿದೆವು. ಚಂದ್ರನಿಲ್ಲದ ರಾತ್ರಿ, ಮೋಡವಿಲ್ಲದ ಆಕಾಶ. ಇನ್ನೇನು ಬೇಕು ಅಂದುಕೊಳ್ಳುವಷ್ಟರಲ್ಲಿ ಕೊಟ್ಟಿಗೆ ಮೇಲಿನ ಎಲ್‌ಇಡಿ ಫ್ಲಡ್‌ಲೈಟ್ ಝಗ್ಗನೆ ಹತ್ತಿಕೊಂಡಿತು.

‘ಮಾವ, ಅದನ್ನ ಆರಿಸ್ರಿ’ ಅನ್ನೋಕೆ ಬಾಯಿ ಬರಲಿಲ್ಲ. ಎರಡು ವರ್ಷದ ಹಿಂದೆ ಅದೇ ಬದುವಿನ ಮೇಲೆ ಕತ್ತಲಲ್ಲಿ ಮಾವನಿಗೆ ಹಾವು ಕಚ್ಚಿತ್ತು. ಆಸ್ಪತ್ರೆಯಿಂದ ಬದುಕಿ ಬಂದ ಮೇಲೆ ಹಾಕಿಸಿದ ಲೈಟು ಅದು. ನನ್ನ ಹವ್ಯಾಸಕ್ಕಾಗಿ ಅವರ ಧೈರ್ಯವನ್ನು ಹೇಗೆ ಆರಿಸಲಿ?

ಲೈಟನ್ನೇ ಸ್ವಲ್ಪ ಹೊತ್ತು ನೋಡಿದೆ. ಅದರ ಅರ್ಧ ಬೆಳಕು ಆಕಾಶಕ್ಕೇ ಹೋಗುತ್ತಿತ್ತು. ಮಾವನನ್ನೇ ಕೇಳಿ ಲೈಟ್ ಆರಿಸಿ, ಏಣಿ ಹತ್ತಿ ಅದರ ಮುಖವನ್ನು ನೆಲಕ್ಕೆ ಬಗ್ಗಿಸಿದೆ. ಹಳೇ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮೇಲೊಂದು ಮರೆ ಕಟ್ಟಿದೆ. ಮತ್ತೆ ಲೈಟ್ ಹಾಕಿ, ಬದುವಿನ ತನಕ ನಡೆದು ಬಂದ ಮಾವ ಅಂದರು: ‘ಕಣ್ಣಿಗ್ ಹೊಡೆಯೂದು ನಿಂತದ. ದಾರಿ ಮೊದ್ಲಿಗಿಂತ ಚೆಂದ ಕಾಣ್ತದ.’

ಕೊಟ್ಟಿಗೆಯಿಂದ ದೂರ ಹೋಗಿ ಟ್ರೈಪಾಡ್ ಊರಿದೆ. 30 ಸೆಕೆಂಡಿನ 120 ಫೋಟೊ, ಒಟ್ಟು ಒಂದು ಗಂಟೆಯ ಬೆಳಕು. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ನೂರು ಫೋಟೊ ಸೇರಿಸಿದರೆ ಚಿತ್ರದ ಕಾಳುಕಾಳು ಹತ್ತು ಪಟ್ಟು ತಗ್ಗುತ್ತದೆ, ಗೆಲಾಕ್ಸಿ ಮಾತ್ರ ಉಳಿಯುತ್ತದೆ. ದೇವಯಾನಿ ನಮ್ಮ ಆಕಾಶಗಂಗೆಯ ಹೊರಗಿನ ಬೇರೆಯೇ ಗೆಲಾಕ್ಸಿ ಅಂತ ಎಡ್ವಿನ್ ಹಬಲ್‌ಗೆ ಸುಳಿವು ಸಿಕ್ಕಿದ್ದೂ 1923ರ ಒಂದು ಫೋಟೊದಲ್ಲೇ.

ಮರುದಿನ ಫೋಟೊದಲ್ಲಿ ದೇವಯಾನಿಯ ಕಪ್ಪು ಧೂಳಿನ ಪಟ್ಟಿ, ಅಂಚಿನ ಸುರುಳಿ ಎರಡೂ ಇದ್ದವು. 25 ಲಕ್ಷ ವರ್ಷ ನಡೆದು ಬಂದ ಬೆಳಕನ್ನು ಕೊನೆಯ ಹತ್ತು ಮಾರಿನಲ್ಲಿ ನಮ್ಮ ಲೈಟೇ ನುಂಗುತ್ತಿತ್ತು!

ಅಮ್ಮನಿಗೆ ತೋರಿಸಿದೆ. ಈ ಸಲ ಧೂಳಿನ ಮಾತೆತ್ತಲಿಲ್ಲ. ‘ನಮ್ ಮಾಳಿಗಿ ಲೈಟಿಗೂ ಒಂದ್ ತಗಡ್ ಕಟ್ಟು’ ಅಂದಳು.

ನಿಮ್ಮ ಅಂಗಳದ ದೀಪ ನೆಲಕ್ಕೆ ಬೆಳಕು ಕೊಡ್ತಿದೆಯಾ, ಆಕಾಶಕ್ಕಾ? ಇವತ್ತು ರಾತ್ರಿ ಒಮ್ಮೆ ನೋಡಿ.